ಅರ್ಧ ಎತ್ತರದ ಕಾರ್ಡು

ನಮ್ಮ ಮನೆಯಲ್ಲಿ ಯಾವ ವಸ್ತು ಜಾಗಕ್ಕೆ ಕೂರದಿದ್ದರೂ ಕತ್ತರಿಸಿ ಕೂರಿಸುವುದೇ ರೂಢಿ. ಫ್ರಿಜ್ಜು ಬಂದಾಗ ಬಾಗಿಲಿನ ಚೌಕಟ್ಟು ಕತ್ತರಿಸಿದರು. ಮಂಚ ಎತ್ತರವಾಯಿತೆಂದು ನಾನು ಒಂದು ಸಲ ಗೊಣಗಿದ್ದಕ್ಕೆ ಅದರ ನಾಲ್ಕು ಕಾಲೂ ಕತ್ತರಿಸಿದರು. ರಾಮಮೂರ್ತಿ ನಗರದಲ್ಲಿ ನಮ್ಮದು ಗ್ರಿಲ್ಲು, ಗೇಟು ಮಾಡುವ ಅಂಗಡಿ. ಹೊಲ ಲೇಔಟಾದ ವರ್ಷ ನಮ್ಮ ಯಜಮಾನರು ಮುನಿನಾರಾಯಣಪ್ಪನವರು ಅದನ್ನು ಹಾಕಿದರು. ಅಂಗಡಿ ಮುಂದೆ, ಮನೆ ಹಿಂದೆ, ನಡುವೆ ಅಂಗಳ. ಅವರು ಹೋಗಿ ಒಂಬತ್ತು ವರ್ಷವಾಯಿತು. ಈಗ ಅಂಗಡಿ ನಡೆಸುವವನು ದೊಡ್ಡ ಮಗ ಮುನಿರಾಜ. ಚಿಕ್ಕವನು ವಸಂತ, ಅಣ್ಣನ ಕೈಕೆಳಗೆ ಸೈಟುಗಳಿಗೆ ಹೋಗಿ ಗೇಟು ಕೂರಿಸಿ ಬರುತ್ತಾನೆ.

ಅಂಗಳದಲ್ಲಿ ಬೀಳುವ ಕಬ್ಬಿಣದ ಪುಡಿ ಎತ್ತುವುದು ನನ್ನ ಕೆಲಸ. ಪೊರಕೆಗೆ ಅದು ಪೂರ್ತಿ ಬರುವುದಿಲ್ಲ, ಬರಿಗಾಲಿಗೆ ಚುಚ್ಚುತ್ತದೆ. ಹಳೇ ರೇಡಿಯೊ ಸ್ಪೀಕರಿನಿಂದ ಬಿಚ್ಚಿದ ಕೋಡುಬಳೆ ಗಾತ್ರದ ಮ್ಯಾಗ್ನೆಟ್ಟಿಗೆ ದಾರ ಕಟ್ಟಿ, ಅದನ್ನು ಖಾಲಿ ಹಾಲಿನ ಕವರಿಗೆ ತೂರಿಸಿ, ಸಂಜೆ ಹೊತ್ತು ನೆಲದ ಮೇಲೆ ಎಳೆದುಕೊಂಡು ಹೋಗುತ್ತೇನೆ. ಪುಡಿಯೆಲ್ಲ ಕವರಿಗೆ ಅಂಟುತ್ತದೆ. ಕವರನ್ನು ಒಳಹೊರಗು ತಿರುವಿ ಮ್ಯಾಗ್ನೆಟ್ಟು ಈಚೆ ಎಳೆದರೆ ಪುಡಿ ಕವರಿನಲ್ಲೇ ಉಳಿಯುತ್ತದೆ, ಗಂಟು ಹಾಕಿ ಎಸೆಯುತ್ತೇನೆ. ಸೊಸೆಯರು ಇದನ್ನು ನೋಡಿ ಅತ್ತೆ ನಾಯಿ ಹಿಡ್ಕೊಂಡು ವಾಕಿಂಗ್ ಹೊರಟ್ರು ಎನ್ನುತ್ತಾರೆ.

ಜಗಳ ಶುರುವಾದದ್ದು ಹೋದ ವರ್ಷ ಅವರೆಕಾಯಿ ಕಾಲದಲ್ಲಿ, ಒಂದು ಭಾನುವಾರದ ಮಧ್ಯಾಹ್ನ. ಹಿತಕಿದ ಬೇಳೆ ಸಾರು, ಮುದ್ದೆ. ವಸಂತನ ಹೆಂಡತಿ ಶ್ವೇತ ತಟ್ಟೆಯ ಮುಂದೆ ಕೂತು ಮುದ್ದೆ ಮುರಿಯದೆ ಹೇಳಿದಳು.

"ಭಾವ, ಕಂಪ್ಯೂಟರಿಗೆ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸ್ಬೇಕು. ಕುಕ್ ಟೌನಿನ ಇಂಜಿನಿಯರು ಆರು ಮನೆ ನಕ್ಷೆ ಕೊಟ್ಟಿದಾರೆ. ಸಂಕ್ರಾಂತಿಯೊಳಗೆ ತ್ರೀಡಿ ಚಿತ್ರ ಮಾಡಿ ಕೊಡ್ಬೇಕು. ಈಗ ಒಂದು ಕಿಟಕಿ ತಿರುಗ್ಸಿದ್ರೆ ಕೆಳಗೆ ಬಂದು ಕಾಫಿ ಕುಡ್ಕೊಂಡು ಹೋಗ್ಬಹುದು, ಅಷ್ಟು ನಿಧಾನ."

"ರೇಷನ್ ಕಾರ್ಡಿದೆ, ಆಧಾರ್ ಕಾರ್ಡಿದೆ, ವೋಟರ್ ಕಾರ್ಡಿದೆ," ಎಂದ ಮುನಿರಾಜ. "ಇನ್ಯಾವ ಕಾರ್ಡಮ್ಮ ಬಾಕಿ ನಿಂಗೆ?"

ಅವನ ಹೆಂಡತಿ ಸುಕನ್ಯ ನಕ್ಕಳು. "ಕಂಪ್ಯೂಟರಲ್ಲಿ ಆರು ಮನೆ ಕಟ್ತಾಳೆ. ಈ ಮನೇಲಿ ಒಂದು ಲೋಟ ತೊಳೆಯಕ್ಕೆ ಕೈ ಬರಲ್ಲ."

"ಬೆಳಗ್ಗೆ ಪಾತ್ರೆ ತೊಳೆದಿದ್ದು ಯಾರು ಅಕ್ಕಾ?"

"ನಾನು ಲೋಟದ ಮಾತಾಡ್ದೆ, ಪಾತ್ರೆ ಮಾತಲ್ಲ."

"ಮೊದ್ಲು ಒಂದು ತಿಳ್ಕೊ," ಎಂದ ಮುನಿರಾಜ. "ಆ ಮಷೀನು ಅಪ್ಪ ಅಂಗಡಿಗೆ ಅಂತ ತಂದಿದ್ದು. ನಿಮ್ಮ ತೌರಿಂದ ಬಂದಿದ್ದಲ್ಲ."

"ಅಂಗಡಿ ಬಿಲ್ಲೆಲ್ಲ ಈಗ ನಿಮ್ಮ ಮೊಬೈಲಲ್ಲೇ ಇದೆಯಲ್ಲ ಭಾವ. ಅದು ಧೂಳು ಹಿಡ್ಕೊಂಡು ಬಿದ್ದಿತ್ತು. ನಾನು ಒರೆಸಿ ಇಟ್ಕೊಂಡೆ."

"ಧೂಳು ಒರೆಸಿದೋರ್ಗೆಲ್ಲ ಆಸ್ತಿ ಬರೋದಾದ್ರೆ ಕೆಲಸದೋಳ ಹೆಸರಿಗೆ ಮನೆ ಬರೀಬೇಕಾಗುತ್ತೆ."

ಶ್ವೇತ ಗಂಡನ ಕಡೆ ತಿರುಗಿದಳು. "ನೀವೇನಾದ್ರೂ ಹೇಳ್ರೀ."

ವಸಂತ ತಟ್ಟೆ ನೋಡುತ್ತ, "ಅಣ್ಣ ಮಾತಾಡ್ತಿದಾನಲ್ಲ," ಎಂದ.

"ಮಾತು ಮುಗೀತು," ಎಂದ ಮುನಿರಾಜ. "ನೀನು ಕಂಪ್ಯೂಟರ್ ಇಟ್ಕೊಂಡಿರೋ ಮೇಲಿನ ಕೋಣೆಗೆ ಎಂಟು ಸಾವಿರ ಕೊಡ್ತೀವಿ ಅಂತ ಹುಡುಗರು ದಿನಾ ಕೇಳ್ತಿದಾರೆ. ಸಂಕ್ರಾಂತಿವರೆಗೂ ಸುಮ್ನಿರ್ತೀನಿ. ಅಷ್ಟರೊಳಗೆ ಆ ಇಂಜಿನಿಯರು ಕೆಲಸ ಒಪ್ಪಿ ದುಡ್ಡು ಕೊಟ್ಟ, ಸರಿ. ಇಲ್ಲ ಅಂದ್ರೆ ಕೋಣೆ ಖಾಲಿ ಮಾಡು, ಕೆಳಗೆ ಅಂಗಡೀಲಿ ಕೂತು ಫೋನ್ ಎತ್ತು. ಅಮ್ಮಾ, ಸಾರು ಹಾಕು."

ನಾನು ಸಾರು ಹಾಕಿದೆ.

ಆ ವಾರ ಶ್ವೇತ ಕಂಪ್ಯೂಟರಿನ ಡಬ್ಬವನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ ಶಿವಾಜಿನಗರಕ್ಕೆ ಹೊರಟಳು. ಅಲ್ಲಿ ಬಷೀರನ ಅಂಗಡಿ ನನಗೆ ಗೊತ್ತು. ಅವನ ತಂದೆ ಗುಜರಿ ಇಟ್ಟಿದ್ದಾಗ ನಮ್ಮ ಯಜಮಾನರು ಅವರಲ್ಲೇ ಹಳೇ ಆ್ಯಂಗಲ್ ಕಬ್ಬಿಣ ತರುತ್ತಿದ್ದರು. ಈ ಕಂಪ್ಯೂಟರನ್ನೂ, ಯಾವುದೋ ಆಫೀಸು ಖಾಲಿಯಾದಾಗ ಬಂದದ್ದು, ಬಷೀರನಿಂದಲೇ ತಂದಿದ್ದರು. "ಒಂದು ಕಡೆ ನಾನು ಹಿಡ್ಕೊತೀನಿ," ಎಂದು ನಾನೂ ಬಸ್ಸು ಹತ್ತಿದೆ.

ಬಷೀರನಿಗೆ ಈಗ ಕಣ್ಣು ಮಂಜು. ಸ್ಕ್ರೂ ತಿರುಗಿಸುವುದೆಲ್ಲ ಮಗಳು ಅಂಬ್ರೀನ್. ಅವಳು ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೋಡಿದಳು.

"ತೆಳ್ಳಗಿನ ಆಫೀಸ್ ಮಷೀನು ಅಕ್ಕಾ ಇದು. ಕರೆಂಟ್ ಕೊಡೋ ಡಬ್ಬ ನೋಡಿ, ಇನ್ನೂರ ನಲವತ್ತು ವ್ಯಾಟು ಅಷ್ಟೇ. ದೊಡ್ಡ ಕಾರ್ಡಿಗೆ ಪಕ್ಕದಿಂದ ಬೇರೆ ಕರೆಂಟ್ ವೈರ್ ಕೊಡ್ಬೇಕು. ಇದ್ರಲ್ಲಿ ಆ ವೈರೇ ಇಲ್ಲ. ಚುಚ್ಚೋ ಸ್ಲಾಟಲ್ಲಿ ಎಷ್ಟು ಕರೆಂಟ್ ಬರುತ್ತೋ ಅಷ್ಟರಲ್ಲೇ ಓಡೋ ಕಾರ್ಡ್ ಬೇಕು. ಎತ್ತರಾನೂ ಅರ್ಧ ಇರ್ಬೇಕು, ಇಲ್ಲಾಂದ್ರೆ ಮುಚ್ಚಳ ಕೂರಲ್ಲ."

"ದೊಡ್ಡದೇ ತಗೊಂಡ್ರೆ ಮುಂದಕ್ಕೂ ಆಗುತ್ತಲ್ಲಮ್ಮ?" ಎಂದು ನಾನು ಕೇಳಿದೆ. ನಮ್ಮ ಮನೆಯಲ್ಲಿ ಎಲ್ಲವನ್ನೂ ಹಾಗೇ ತರುವುದು.

"ಅಜ್ಜೀ, ಮಷೀನು ಹನ್ನೊಂದು ವರ್ಷದ್ದು. ಹದಿನೈದು ಸಾವಿರದ ಕಾರ್ಡ್ ಹಾಕಿದ್ರೂ ಅದಕ್ಕೆ ಕೆಲಸ ಕೊಡೋ ಶಕ್ತಿ ಇದಕ್ಕಿಲ್ಲ. ಕಾರ್ಡು ಸುಮ್ನೆ ಕೂತಿರುತ್ತೆ." ಅವಳು ಎರಡು ಫ್ಯಾನಿನ ಉದ್ದನೆಯ ಒಂದನ್ನು ಎತ್ತಿ ತೋರಿಸಿದಳು. "ಇಂಥಾವು ಅಗ್ಗಕ್ಕೆ ಬರುತ್ವೆ. ಎಲ್ಲೋ ವರ್ಷಗಟ್ಟಲೆ ಆಫ್ ಮಾಡ್ದೆ ಓಡ್ಸಿ ಸುಸ್ತು ಮಾಡಿರ್ತಾರೆ. ನಿಮಗೆ ಬೇಡ. ನಾಲ್ಕು ಜಿಬಿದು, ಅರ್ಧ ಎತ್ತರದ್ದು, ಸೆಕೆಂಡ್ ಹ್ಯಾಂಡು, ತರಿಸಿಕೊಡ್ತೀನಿ. ಆರೂವರೆ ಸಾವಿರ. ಹತ್ತು ದಿನ ಆಗುತ್ತೆ."

ಶ್ವೇತ ಚೌಕಾಸಿ ಮಾಡಿ ಆರಕ್ಕೆ ಇಳಿಸಿದಳು. ಎರಡು ಸಾವಿರ ಮುಂಗಡ ಕೊಟ್ಟಳು. ಅದು ಅವಳು ಪಕ್ಕದ ಬೀದಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಉಳಿಸಿದ್ದು. ಅಂಬ್ರೀನ್ ಒಂದು ತಿಂಗಳು ಗ್ಯಾರಂಟಿ ಎಂದು ಚೀಟಿಯಲ್ಲಿ ಬರೆದುಕೊಟ್ಟಳು.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮುನಿರಾಜ ಅಂಗಡಿ ಬಾಗಿಲಲ್ಲೇ ನಿಂತಿದ್ದ.

"ನನ್ನ ಒಂದು ಮಾತು ಕೇಳ್ದೆ ಶಿವಾಜಿನಗರಕ್ಕೆ ಹೋಗ್ಬಿಟ್ರಾ? ಎಷ್ಟಂತೆ?"

"ಆರು ಸಾವಿರ. ಅರ್ಧ ಎತ್ತರದ್ದು."

"ಎತ್ತರ ಅರ್ಧ ಇದ್ರೆ ರೇಟೂ ಅರ್ಧ ಇರ್ಬೇಕು. ನಾವು ಗೇಟು ಮಾರೋದು ಹಂಗೇ."

"ಇದು ಗೇಟಲ್ಲ ಭಾವ."

"ಗೊತ್ತಾಯ್ತು. ನಿಂಗೆ ಎಲ್ಲಾ ಗೊತ್ತು, ನಂಗೇನೂ ಗೊತ್ತಿಲ್ಲ."

ಅವನಿಗೆ ಕಾರ್ಡಿನ ಮೇಲೆ ಸಿಟ್ಟಿರಲಿಲ್ಲ. ನಮ್ಮಲ್ಲಿ ಯಾವ ಸಾಮಾನು ತರುವುದಿದ್ದರೂ ದೊಡ್ಡವನೇ ತರಬೇಕು, ಸೊಪ್ಪೊಂದು ಬಿಟ್ಟು. ಎಂಟು ದಿನ ಅವನು ಶ್ವೇತಳ ಜೊತೆ ನೇರ ಮಾತಾಡಲಿಲ್ಲ. "ಅವಳಿಗೆ ಹೇಳು ಗೇಟ್ ಹಾಕ್ಕೊಳಕ್ಕೆ," ಎಂದು ಎದುರಿಗೆ ನಿಂತ ಅವಳಿಗೇ ಕೇಳಿಸುವಂತೆ ಸುಕನ್ಯಳಿಗೆ ಹೇಳುತ್ತಿದ್ದ. ಸುಕನ್ಯ ಅದನ್ನು ಇನ್ನೊಂದು ಸಲ ಹೇಳುತ್ತಿದ್ದಳು.

ಒಂಬತ್ತನೆಯ ದಿನ ಶ್ವೇತ ಕುಕ್ ಟೌನಿಗೆ ನಕ್ಷೆ ತರಲು ಹೋಗಿದ್ದಳು. ಮುನಿರಾಜ ಕೆ.ಆರ್. ಪುರದಿಂದ ಒಂದು ಡಬ್ಬ ತಂದ. ಅವನ ಸ್ನೇಹಿತ ಕೆಂಪರಾಜ್ ಮಕ್ಕಳು ಆಟ ಆಡುವ ಕಂಪ್ಯೂಟರ್ ಅಂಗಡಿ ಇಟ್ಟು ಮುಚ್ಚಿದ್ದ. ಅಲ್ಲಿಯ ಕಾರ್ಡು, ಎರಡು ಫ್ಯಾನು, ಮೊಳದುದ್ದ.

"ಐದು ಸಾವಿರಕ್ಕೆ ಪೂರ್ತಿ ಕಾರ್ಡು," ಎಂದು ನನಗೆ ತೋರಿಸಿದ. "ಅವಳು ಆರಕ್ಕೆ ಅರ್ಧ ತರ್ತಿದ್ಲು."

ಕಂಪ್ಯೂಟರನ್ನು ಅಂಗಳಕ್ಕೆ ಇಳಿಸಿಕೊಂಡು ಮುಚ್ಚಳ ಬಿಚ್ಚಿದ. ಕಾರ್ಡು ಉದ್ದಕ್ಕೂ ಕೂರಲಿಲ್ಲ, ಎತ್ತರಕ್ಕೂ ಕೂರಲಿಲ್ಲ. ಒಳಗೆ ಒಂದು ತಗಡಿನ ಸ್ಟ್ಯಾಂಡು ಅಡ್ಡ ಬಂದಿತ್ತು. ಅವನು ಅಳತೆ ಪಟ್ಟಿ ಹಿಡಿದ, ಬಳಪದಲ್ಲಿ ಗೆರೆ ಎಳೆದ, ಗ್ರೈಂಡರಿನ ವೈರು ಎಳೆದು ತಂದ. ನಾನು ಅಲ್ಲೇ ಮೂಲೆಯಲ್ಲಿ ನೆನೆಸಿದ ಅವರೆಕಾಳು ಹಿತಕುತ್ತ ಕೂತಿದ್ದೆ.

"ಒಳಗಿರೋದೆಲ್ಲ ಬಿಚ್ಚಿಟ್ಟು ಆಮೇಲೆ ಕತ್ತರಿಸೋ," ಎಂದೆ.

"ಅಮ್ಮಾ, ನೀನು ಕಾಳು ಹಿತಕು."

ನಾನು ಹಿತಕಿದೆ. ಒಳಗಿನ ಹಸಿರು ಹಲಗೆಯ ಮೇಲೆ ಅವನು ಒಂದು ಹಿಡಿ ಬನಿಯನ್ ಚಿಂದಿ ಮುಚ್ಚಿದ. ಗ್ರೈಂಡರು ಕೂಗಿತು. ಕಿಡಿ ನನ್ನ ಪಾತ್ರೆಯವರೆಗೂ ಬಂತು, ನಾನು ಪಾತ್ರೆ ಸರಿಸಿಕೊಂಡೆ.

ಜಾಗವಾಯಿತು. ಕಾರ್ಡು ಕೂತಿತು. ಆದರೆ ಅದರ ಫ್ಯಾನು ತಿರುಗಲೇ ಇಲ್ಲ. ಅಂಬ್ರೀನ್ ಹೇಳಿದ್ದ ವೈರನ್ನು ಅವನು ಡಬ್ಬದೊಳಗೆಲ್ಲ ಹುಡುಕಿದ. ಇಲ್ಲದ್ದು ಎಲ್ಲಿ ಸಿಗುತ್ತದೆ. ಕಾರ್ಡು ಕಿತ್ತು ಕೆಂಪರಾಜ್‌ಗೆ ಫೋನು ಮಾಡಿ ಬೈದ, ವಾಪಸ್ ಕಳಿಸಿದ. ಕಂಪ್ರೆಸರಿನ ಪೈಪು ಹಿಡಿದು ಡಬ್ಬದೊಳಗೆ ಗಾಳಿ ಹೊಡೆದ. ಕಾರ್ಡಿನ ಎತ್ತರಕ್ಕೆಂದು ಕತ್ತರಿಸಿದ ಮುಚ್ಚಳದಲ್ಲಿ ಅಂಗೈ ಅಗಲದ ಕಿಂಡಿ ಉಳಿದಿತ್ತು. ಅದರ ಅಂಚಿಗೆ, ಗೇಟಿಗೆ ಬಳಿಯುವ ಹಾಗೆ, ರೆಡ್ ಆಕ್ಸೈಡ್ ಬಳಿದು ಮೇಲೆ ಇಟ್ಟು ಬಂದ.

ಸಂಜೆ ಮೇಲಿನಿಂದ ಶ್ವೇತಳ ದನಿ ಬಂತು. ಆಮೇಲೆ ಅವಳೇ ಇಳಿದು ಬಂದಳು. ಬೆರಳಿಗೆ ಕೆಂಪು ಬಣ್ಣ ಹತ್ತಿತ್ತು.

"ಯಾರನ್ನ ಕೇಳಿ ಕತ್ತರಿಸಿದ್ರಿ?"

"ಅಪ್ಪನ ಮಷೀನು ಕತ್ತರಿಸಕ್ಕೆ ಮಗ ಯಾರನ್ನ ಕೇಳ್ಬೇಕು?" ಎಂದ ಮುನಿರಾಜ. ಎಂಟು ದಿನದ ಮೇಲೆ ಅವಳಿಗೆ ನೇರ ಆಡಿದ ಮಾತು ಅದೇ.

"ಒಳಗೆ ಪುಡಿ ಬಿದ್ದಿರುತ್ತೆ."

"ಗಾಳಿ ಹೊಡ್ದಿದೀನಿ. ಕನ್ನಡಿ ಥರ ಇದೆ. ಹೋಗಿ ಆನ್ ಮಾಡ್ಕೊ."

ಆನ್ ಆಯಿತು. "ಓಡ್ತಿದೆಯಲ್ಲ, ಮತ್ತೆ ಈ ಮುಖ ಯಾಕೆ?" ಎಂದು ಸುಕನ್ಯ ಅನ್ನದ ಪಾತ್ರೆ ಕುಕ್ಕಿದಳು. ಶ್ವೇತ ಅವತ್ತು ಊಟಕ್ಕೆ ಬರಲಿಲ್ಲ. ಯಾರೂ ಕರೆಯಲೂ ಇಲ್ಲ.

ಎರಡು ದಿನ ಬಿಟ್ಟು ವಸಂತ ಸೈಟಿನಿಂದ ಬರುವಾಗ ಅಂಬ್ರೀನಳ ಕಾರ್ಡು ತಂದ. ಉಳಿದ ನಾಲ್ಕು ಸಾವಿರ ಅವನೇ ಕೊಟ್ಟಿದ್ದ. ಅದನ್ನು ಅಣ್ಣನಿಗೆ ಹೇಳಬೇಡ ಎಂದು ನನಗೆ ಹೇಳಿದ. ಕಾರ್ಡು ಬಿಸ್ಕತ್ತಿನ ಪ್ಯಾಕೆಟ್ಟಿನಷ್ಟಿತ್ತು. ಯಾವುದನ್ನೂ ಕತ್ತರಿಸದೆ ಕೂತಿತು. ಶ್ವೇತ ನನ್ನನ್ನು ಮೇಲಕ್ಕೆ ಕರೆದು ತೋರಿಸಿದಳು. ಪರದೆಯ ಮೇಲೆ ಒಂದು ಮಹಡಿ ಮನೆ, ಬಾಲ್ಕನಿ, ತುಳಸಿ ಕಟ್ಟೆ. ಅವಳು ಬೆರಳಾಡಿಸಿದ ಹಾಗೆ ಮನೆ ಪೂರ್ತಿ ಸುತ್ತ ತಿರುಗಿತು, ಹಿತ್ತಿಲು ಕೂಡ ಕಂಡಿತು.

"ಗೇಟು ಯಾಕೆ ಹಿಂಗೆ ಹಾಕಿದೀಯಾ?" ಎಂದೆ. "ಇಷ್ಟು ಉದ್ದದ ಬಾಗಿಲಿಗೆ ಮಧ್ಯೆ ಆಸರೆ ಇಲ್ದಿದ್ರೆ ಜೋತು ಬೀಳುತ್ತೆ."

ಅವಳು ಒಂದು ಅಡ್ಡಪಟ್ಟಿ ಸೇರಿಸಿದಳು. ಆ ತಿಂಗಳಲ್ಲಿ ಮನೆಯೊಳಗೆ ಸಿಟ್ಟಿಲ್ಲದೆ ಆಡಿದ ಮಾತು ಅದೊಂದೇ ಇರಬೇಕು.

ನಾಲ್ಕು ದಿನ ಓಡಿತು. ಎರಡು ಮನೆ ಮುಗಿದವು. ಐದನೆಯ ಮಧ್ಯಾಹ್ನ ಚಟ್ ಎಂಬ ಸದ್ದು ಬಂತು. ಬಲ್ಬಿನ ಹೋಲ್ಡರು ಸುಟ್ಟಾಗ ಬರುವಂಥ ವಾಸನೆ ಮೆಟ್ಟಿಲು ಇಳಿದು ಅಡುಗೆಮನೆಗೆ ಬಂತು. ಕಂಪ್ಯೂಟರು ಮತ್ತೆ ಹೊತ್ತಿಕೊಳ್ಳಲಿಲ್ಲ.

"ನಾನು ಬಡ್ಕೊಂಡೆ," ಎಂದ ಮುನಿರಾಜ. ಅವನ ಮುಖದಲ್ಲಿ ಹಬ್ಬವಿತ್ತು. "ಹನ್ನೊಂದು ವರ್ಷ ಓಡಿದ ಮಷೀನು. ನಾನು ಕತ್ತರಿಸಿದ ಮೇಲೂ ಓಡ್ತು. ಅವಳ ಕಾರ್ಡು ಒಳಗೆ ಹೋಯ್ತು, ಸತ್ತೋಯ್ತು. ಶಿವಾಜಿನಗರದೋರು ಚೆನ್ನಾಗಿ ಟೋಪಿ ಹಾಕಿದಾರೆ."

ಮಾರನೆ ದಿನ ಶ್ವೇತ ಮತ್ತೆ ದುಪ್ಪಟಿ ಸುತ್ತಿಕೊಂಡು ಒಬ್ಬಳೇ ಹೋಗಿ ಬಂದಳು. ಅಂಬ್ರೀನ್ ಕಾರ್ಡನ್ನು ಬೇರೆ ಮಷೀನಿಗೆ ಹಾಕಿ ಎರಡು ಗಂಟೆ ಓಡಿಸಿ ತೋರಿಸಿದ್ದಳು. ಕಾರ್ಡಿಗೆ ಏನೂ ಆಗಿರಲಿಲ್ಲ, ಹಸಿರು ಹಲಗೆ ಸುಟ್ಟಿತ್ತು. ಇಂಥದೇ ಹಳೇ ಮಷೀನು ಇನ್ನೊಂದಿದೆ, ನಾಲ್ಕೂವರೆ ಸಾವಿರ ಎಂದಿದ್ದಳು. ಇದರ ಹತ್ತಿರ ಯಾರಾದರೂ ಕಬ್ಬಿಣ ಕತ್ತರಿಸಿದರಾ ಎಂದೂ ಕೇಳಿದ್ದಳು.

"ಅವಳ ಕಾರ್ಡು ಅವಳ ಅಂಗಡೀಲಿ ಓಡ್ದೆ ಇರುತ್ತಾ?" ಎಂದ ಮುನಿರಾಜ. "ಕಾರ್ಡ್ ಮಾರಿದ್ಲು, ಮಷೀನು ಸುಟ್ಟಳು, ಈಗ ಇನ್ನೊಂದು ಮಷೀನು ಮಾರ್ತಾಳೆ. ನಾಳೆ ಹೋಗಿ ಆ ಬಷೀರನ ಕೊರಳಪಟ್ಟಿ ಹಿಡೀತೀನಿ."

"ನೀವು ಕತ್ತರಿಸಿದ ಪುಡಿ ಭಾವ ಅದು."

"ಒಂದು ಕಾಳು ಪುಡಿ ಇಲ್ಲ ಒಳಗೆ. ಹೋಗು, ಬಟ್ಟೆಬರೆ ತೆಗೆದು ಕೋಣೆ ಖಾಲಿ ಮಾಡು."

ಸಂಕ್ರಾಂತಿಗೆ ಐದು ದಿನ ಉಳಿದಿತ್ತು. ಮಾರನೆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅವನು ಬಾಡಿಗೆ ಕರಾರು ಪತ್ರ ತಂದು ನನ್ನ ಮುಂದಿಟ್ಟ. ಹುಡುಗರಿಂದ ಅಡ್ವಾನ್ಸ್ ತೆಗೆದುಕೊಂಡಾಗಿತ್ತು. ಮನೆ ನನ್ನ ಹೆಸರಿನಲ್ಲಿದೆ. ನನಗೆ ಓದು ಕಡಿಮೆ, ಆದರೆ ಹೆಸರಿನ ಐದಕ್ಷರ ಬರೆಯುತ್ತೇನೆ. ಕಬ್ಬಿಣಕ್ಕೆ ಗುರುತು ಹಾಕುವ ಬಳಪದಲ್ಲಿ ನಮ್ಮ ಯಜಮಾನರು ಅಂಗಳದಲ್ಲೇ ಕಲಿಸಿದ್ದರು. ಒಂಬತ್ತು ವರ್ಷದಿಂದ ಮುನಿರಾಜ ಬೆರಳಿಟ್ಟ ಕಡೆಯೆಲ್ಲ ಆ ಐದಕ್ಷರ ಬರೆದಿದ್ದೇನೆ.

"ಇಲ್ಲೊಂದು, ಹಿಂದುಗಡೆ ಒಂದು," ಎಂದು ಪೆನ್ನು ಕೊಟ್ಟ.

"ಪೇಪರ್ ತಾ," ಎಂದೆ.

"ಇದೇ ಪೇಪರು."

"ಇದಲ್ಲ. ಹಳೇ ನ್ಯೂಸ್ ಪೇಪರು. ವಸಂತ, ಮೇಲಿಂದ ಆ ಡಬ್ಬ ತಗೊಂಬಾ."

ವಸಂತ ಅಣ್ಣನ ಮುಖ ನೋಡಿದ. ನಾನು ಇನ್ನೊಂದು ಸಲ ಹೇಳಿದೆ. ಅವನು ತಂದ. ನೆಲದ ಮೇಲೆ ಪೇಪರು ಹಾಸಿ, ಮುಚ್ಚಳ ತೆಗೆಸಿ, ಡಬ್ಬ ಬೋರಲು ಹಾಕಿ ಬಡಿಯಲು ಹೇಳಿದೆ. ಸುಕನ್ಯ, "ಅತ್ತೆ, ಊಟದ ಹೊತ್ತಲ್ಲಿ ಏನಿದು?" ಎಂದು ತಟ್ಟೆ ಎಳೆದುಕೊಂಡಳು. ಬಡಿದಂತೆ ಬೂದುಬಣ್ಣದ ಧೂಳು ಉದುರಿತು, ಒಂದು ಚಮಚದಷ್ಟು.

"ರೋಡ್ ಧೂಳು," ಎಂದ ಮುನಿರಾಜ. "ದಿನಕ್ಕೆ ಇಪ್ಪತ್ತು ವಾಟರ್ ಟ್ಯಾಂಕರ್ ಓಡಾಡುತ್ತೆ."

ನಾನು ಮೊಳೆಗೆ ನೇತುಹಾಕಿದ್ದ ಮ್ಯಾಗ್ನೆಟ್ಟು ತೆಗೆದುಕೊಂಡೆ. ಪೇಪರಿನ ಮೇಲೆ ಹಿಡಿಯಲಿಲ್ಲ, ಕೆಳಗೆ ತೂರಿಸಿದೆ. ನಿಧಾನ ಎಳೆದೆ. ರೋಡಿನ ಧೂಳು ಬಿದ್ದಲ್ಲೇ ಇತ್ತು. ಉಳಿದದ್ದು ಮುಳ್ಳುಮುಳ್ಳಾಗಿ ಎದ್ದು ನಿಂತಿತು. ನಾನು ಎಳೆದ ಕಡೆಗೆ ನಡೆಯಿತು. ಪೇಪರಿನ ಆ ತುದಿಯಿಂದ ಈ ತುದಿಗೆ, ಮುನಿರಾಜನ ತಟ್ಟೆಯ ಪಕ್ಕದವರೆಗೂ ಎಳೆದು ನಿಲ್ಲಿಸಿದೆ.

"ಇದು ಶಿವಾಜಿನಗರದಿಂದ ಬಂತೇನಪ್ಪ?"

"ಅಂಗಳದ್ದು ಹಾರಿ ಬಂದಿರ್ಬೇಕು."

"ಹದಿನೇಳು ಮೆಟ್ಲು ಹತ್ತಿ?"

ವಸಂತ ನಕ್ಕುಬಿಟ್ಟ.

"ಏನೋ ನಗ್ತೀಯಾ?" ಎಂದು ಮುನಿರಾಜ ತಿರುಗಿದ.

"ಅಣ್ಣ, ಸೈಟಲ್ಲಿ ಓನರ್ ಕಾರ್ ನಿಂತಿದ್ರೆ ಅದರ ಹತ್ರ ಕಟಿಂಗ್ ಮಾಡ್ಬೇಡ ಅಂತ ನಂಗೆ ಕಪಾಳಕ್ಕೆ ಹೊಡೆದು ಹೇಳ್ಕೊಟ್ಟಿದ್ದು ನೀನು. ಗಾಜಿಗೆ ಹಿಡಿದ ಪುಡಿ ಎಷ್ಟು ಗಾಳಿ ಹೊಡೆದ್ರೂ ಹೋಗಲ್ಲ ಅಂದಿದ್ದು ನೀನು. ಕಾರಿಗಿರೋ ಮರ್ಯಾದೆ ನನ್ನ ಹೆಂಡ್ತಿ ಮಷೀನಿಗಿಲ್ವಾ?"

"ಬಾಯಿ ಬಂತಾ ನಿಂಗೆ?"

"ಬಂತು."

ನಾನು ಪೆನ್ನನ್ನು ಕರಾರು ಪತ್ರದ ಮೇಲಿಟ್ಟು ಅವನ ಕಡೆ ತಳ್ಳಿದೆ. "ಕೋಣೆ ಬಾಡಿಗೆಗಿಲ್ಲ. ಹುಡುಗರ ದುಡ್ಡು ವಾಪಸ್ ಕೊಡು. ಆ ಇನ್ನೊಂದು ಮಷೀನಿನ ನಾಲ್ಕೂವರೆ ಸಾವಿರ ನೀನು ಕೊಡು."

"ಕೊಡ್ದಿದ್ರೆ ಏನ್ಮಾಡ್ತೀಯಾ?"

"ಏನೂ ಇಲ್ಲ. ಮಾರ್ಚಿಗೆ ಅಂಗಡಿ ಲೈಸೆನ್ಸ್ ಕಾಗದ ನನ್ನ ಸೈನಿಗೆ ತರ್ತೀಯಲ್ಲ, ಆಗ ಮಾತಾಡೋಣ."

ಅವನು ಅರ್ಧ ಮುದ್ದೆ ಬಿಟ್ಟು ಎದ್ದ. ಕಾಲಿಗೆ ಸಿಕ್ಕ ಪೇಪರು ಒದೆಯಬಹುದಿತ್ತು, ದಾಟಿಕೊಂಡು ಹೋದ. ಸುಕನ್ಯ ಅವನ ತಟ್ಟೆ ಎತ್ತಿಕೊಂಡು, "ಹೆತ್ತ ಮಗನ್ನ ಎಲ್ಲರ ಮುಂದೆ ಹಿಂಗೆ ಮಾಡೋ ತಾಯೀನ ನಾನು ನೋಡಿರ್ಲಿಲ್ಲ," ಎಂದು ಹೇಳಿ ಅವನ ಹಿಂದೆ ಹೋದಳು. ಸಂಜೆಗೆ ದುಡ್ಡು ವಸಂತನ ಫೋನಿಗೆ ಬಂತು, ಮಾತಿಲ್ಲದೆ. ಸಂಕ್ರಾಂತಿಯ ಹೊತ್ತಿಗೆ ಸುಕನ್ಯ ಅಂಗಡಿಯ ಹಿಂದಿನ ಚಾವಡಿಯಲ್ಲಿ ಬೇರೆ ಒಲೆ ಇಟ್ಟಿದ್ದಳು. ಎಳ್ಳು ಬೆಲ್ಲ ಎರಡು ಕಡೆ ಆಯಿತು. ಆ ಕಡೆಯದು ಈ ಕಡೆಗೆ ಬರಲಿಲ್ಲ.

ಆದರೆ ಪೇಪರು ಹಾಸಿದ ಆ ಮಧ್ಯಾಹ್ನದ ಮಾತು ಇನ್ನೂ ಮುಗಿದಿರಲಿಲ್ಲ. ಎಲ್ಲರೂ ಎದ್ದ ಮೇಲೆ ಶ್ವೇತ ಪೇಪರು ಮಡಿಸುತ್ತ ಕೂತಳು. ಪುಡಿ ಚೆಲ್ಲದ ಹಾಗೆ ನಾಲ್ಕು ಮಡಿಕೆ ಮಾಡಿದಳು. ಅವಳು ಒಂದು ಒಳ್ಳೆಯ ಮಾತು ಆಡುತ್ತಾಳೆ ಎಂದು ನಾನು ಕಾದಿದ್ದೆ, ಸುಳ್ಳು ಯಾಕೆ ಹೇಳಲಿ.

"ಭಾವ ಕತ್ತರಿಸ್ಬೇಕಾದ್ರೆ ನೀವು ಎಲ್ಲಿದ್ರಿ ಅತ್ತೆ?"

"ಅಂಗಳದಲ್ಲಿ."

"ಏನ್ಮಾಡ್ತಿದ್ರಿ?"

"ಕಾಳು ಹಿತಕ್ತಿದ್ದೆ. ಬಿಚ್ಚಿಟ್ಟು ಕತ್ತರಿಸೋ ಅಂದೆ."

"ಎಷ್ಟ್ ಸಲ ಅಂದ್ರಿ?"

"ಒಂದ್ಸಲ."

ಅವಳು ಡಬ್ಬವನ್ನು ದುಪ್ಪಟಿಯಲ್ಲಿಟ್ಟು ಗಂಟು ಹಾಕಿದಳು. ನಾನು ಒಂದು ಕಡೆ ಹಿಡಿಯಲು ಕೈ ಚಾಚಿದೆ.

"ಬೇಡ ಬಿಡಿ," ಎಂದಳು. ಒಬ್ಬಳೇ ಎತ್ತಿಕೊಂಡು ಬಸ್ಸಿಗೆ ಹೋದಳು.

ಅಂಬ್ರೀನ್ ಕೊಟ್ಟ ಮಷೀನಿನಲ್ಲಿ ಅದೇ ಕಾರ್ಡು ಕೂತಿತು. ಹಬ್ಬದ ಹಿಂದಿನ ದಿನಕ್ಕೆ ಐದು ಮನೆ ಮುಗಿಸಿ ಕೊಟ್ಟಳು, ಆರನೆಯದಕ್ಕೆ ನಾಲ್ಕು ದಿನ ಕೇಳಿಕೊಂಡಳು. ಇಂಜಿನಿಯರು ಬೈದು ಒಪ್ಪಿಕೊಂಡರು, ಆಮೇಲೆ ಇನ್ನೂ ಮೂರು ಕೊಟ್ಟರು. ಕೋಣೆ ಅವಳಿಗೇ ಉಳಿಯಿತು.

ಈ ವರ್ಷ ಮತ್ತೆ ಅವರೆಕಾಯಿ ಬಂದಿದೆ. ಮುನಿರಾಜ ಅಂಗಳದಲ್ಲಿ ಗ್ರೈಂಡರಿನ ವೈರು ಎಳೆದರೆ ನಾನು ಕಾಳಿನ ಪಾತ್ರೆ ಬದಿಗಿಟ್ಟು, ಮಂಡಿ ಹಿಡಿದುಕೊಂಡು ಹದಿನೇಳು ಮೆಟ್ಟಿಲು ಹತ್ತಿ ಮೇಲಿನ ಕೋಣೆಯ ಕಿಟಕಿ ಮುಚ್ಚುತ್ತೇನೆ. ಸದ್ದು ನಿಲ್ಲುವವರೆಗೆ ಅಲ್ಲೇ ನಿಲ್ಲುತ್ತೇನೆ. ಶ್ವೇತ ಪರದೆಯ ಮೇಲೆ ಯಾರದೋ ಮನೆ ತಿರುಗಿಸುತ್ತಿರುತ್ತಾಳೆ. ತಲೆ ಎತ್ತಿ ನೋಡುವುದಿಲ್ಲ.